ಕೊಳ್ಳುವವನು ಕೇಳದ ಪ್ರಶ್ನೆ

ರಾಯಚೂರಿನ ನನ್ನ ಹಳೆಯ ಸ್ನೇಹಿತರೊಬ್ಬರು ಮೊನ್ನೆ ಮನೆಗೆ ಬಂದಿದ್ದರು. ನಿವೃತ್ತಿಯ ಹಣ ಕೈಗೆ ಬಂದಿದೆ. ಅದನ್ನು ಭೂಮಿಯ ಮೇಲೆ ಹಾಕಬೇಕೆಂದು ಅವರ ಆಸೆ. ದೇವದುರ್ಗದ ಕಡೆ ನಾಲ್ಕು ಎಕರೆ ಹೊಲವನ್ನು ದಲ್ಲಾಳಿಯೊಬ್ಬ ತೋರಿಸಿದ್ದಾನೆ. ನಾರಾಯಣಪುರದ ಕಾಲುವೆ ಹತ್ತಿರ; ಬೆಲೆಯೋ, ಅಕ್ಕಪಕ್ಕದ ಹೊಲಗಳ ಅರ್ಧಕ್ಕೂ ಕಡಿಮೆ. ಕಾರಣ ಗುಟ್ಟೇನಲ್ಲ. ಅದು ಪರಿಶಿಷ್ಟ ಪಂಗಡದ ಕುಟುಂಬವೊಂದಕ್ಕೆ ಸರಕಾರ ಮಂಜೂರು ಮಾಡಿದ ಭೂಮಿ. ಬಾಂಡಿನ ಮೇಲೆ ಬರೆಸಿಕೊಂಡರಾಯಿತು, ಯಾರೂ ಕೇಳುವುದಿಲ್ಲವೆಂದು ದಲ್ಲಾಳಿ ಧೈರ್ಯ ಹೇಳಿದ್ದಾನೆ.

ಕಾನೂನು ಏನೆನ್ನುತ್ತದೆಂಬುದು ಸ್ಪಷ್ಟ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡಿದರೆ ಅದು ಅಸಿಂಧು ಎಂದು 1978ರ ಕರ್ನಾಟಕ ಕಾಯಿದೆ ಹೇಳುತ್ತದೆ. ಕ್ರಯವಷ್ಟೇ ಅಲ್ಲ, ದಾನ, ಅಡಮಾನ, ಗುತ್ತಿಗೆ, ಕ್ರಯದ ಕರಾರು ಸಹ ಇದರೊಳಗೆ ಬರುತ್ತವೆ. ಸಹಾಯಕ ಆಯುಕ್ತರು ಅಂಥ ಭೂಮಿಯನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಒಪ್ಪಿಸಬಹುದು. ಕೊಂಡವನ ಹಣವನ್ನು ಹಿಂದಕ್ಕೆ ಕೊಡಿಸುವ ಮಾತು ಅದರಲ್ಲಿಲ್ಲ. 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆಯನ್ನು ಎತ್ತಿಹಿಡಿಯಿತು.

ಸ್ನೇಹಿತರಿಗೆ ಇದೆಲ್ಲ ಗೊತ್ತು. ಅವರ ತಕರಾರು ಬೇರೆ. "ಅಲ್ರೀ, ಮಾರಾಂವ ತಾನಾಗೇ ಬಂದಾನ. ಮಗಳ ಲಗ್ನ ಐತಿ, ರೊಕ್ಕ ಬೇಕು. ನಾನೇನು ಕಸ್ಗೊಳ್ಳಾಕ ಹೋಗಿಲ್ಲ. ತನ್ನ ಹೊಲ ತಾನು ಮಾರಬ್ಯಾಡ ಅನ್ನಾಕ ನಾವ್ಯಾರು?"

ಮಾತು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಬಡವನನ್ನು ಕಾಪಾಡುವ ಕಾನೂನು ಅವನನ್ನು ಬುದ್ಧಿ ಬಾರದ ಮಗುವಿನಂತೆ ಕಾಣುತ್ತದೆಯೆ? ಆದರೆ ಕಾನೂನು ಬಾಗಿಲನ್ನು ಮುಚ್ಚಿಲ್ಲವೆಂಬುದನ್ನು ನೋಡಬೇಕು. ಅನುಮತಿ ಕೇಳಿ, ಆಮೇಲೆ ಮಾರಿ ಎನ್ನುತ್ತದೆ. ಇಬ್ಬರ ವ್ಯವಹಾರವನ್ನು ಮೂರನೆಯವರೊಬ್ಬರು ನೋಡಲಿ ಎನ್ನುತ್ತದೆ, ಅಷ್ಟೆ. ಆ ಮೂರನೆಯ ಕಣ್ಣನ್ನು ನಾವೇಕೆ ತಪ್ಪಿಸುತ್ತೇವೆ? ಅದು ತೆರೆದಿದ್ದರೆ ಅರ್ಧ ಬೆಲೆ ನಿಲ್ಲುವುದಿಲ್ಲ. ಮಾರುವವನ ಅವಸರವೇ ಕೊಳ್ಳುವವನ ಲಾಭವಾದಲ್ಲಿ 'ತಾನಾಗೇ ಬಂದ' ಎಂಬ ಮಾತಿಗೆ ತೂಕವೆಷ್ಟು?

ನಾನು ಅವರನ್ನು ಒಂದು ಪ್ರಶ್ನೆ ಕೇಳಿದೆ. ಊರಲ್ಲಿ ಅವರದೊಂದು ಮನೆ ಬಾಡಿಗೆಗಿದೆ. ಹನ್ನೊಂದು ತಿಂಗಳ ಕರಾರು. ಬೇರೆಯವರಿಗೆ ಒಳಬಾಡಿಗೆ ಕೊಡಕೂಡದೆಂಬ ಷರತ್ತು ಅದರಲ್ಲಿ ಮೊದಲನೆಯದು. "ನಿಮ್ಮ ಬಾಡಿಗೆದಾರ ನಿಮ್ಮನ್ನು ಕೇಳದೆ ಇನ್ನೊಬ್ಬನನ್ನು ಕೂಡಿಸಿ ಹಣ ತೆಗೆದುಕೊಂಡರೆ? ನಾನು ರೊಕ್ಕ ಕೊಟ್ಟೀನಿ, ನನಗೇನೂ ಗೊತ್ತಿಲ್ಲ ಎಂದು ಆ ಇನ್ನೊಬ್ಬ ಹೇಳಿದರೆ?"

"ಮಾಲಕರನ್ನ ಯಾಕ ಕೇಳಲಿಲ್ಲಪಾ ಅಂತೀನಿ," ಎಂದರು. ಒಂದು ಕ್ಷಣ ಸುಮ್ಮನಿದ್ದು ನಕ್ಕರು. ಆದರೂ ಬಿಡಲಿಲ್ಲ. "ಖರೆ. ಆದ್ರ ಷರತ್ತು ಮುರಿದಾಂವ ನನ್ನ ಬಾಡಿಗಿದಾರ. ಅವಂಗ ನಾ ಮನಿ ತಿರುಗಿ ಕೊಡೂದಿಲ್ಲ. ಇಲ್ಲಿ ಮಾರಿದಾಂವಗs ಹೊಲ ತಿರುಗಿ ಹೋಗ್ತದ. ರೊಕ್ಕಾನೂ ಅವಂದು, ಹೊಲಾನೂ ಅವಂದು. ಇದ್ಯಾವ ನ್ಯಾಯ?"

ಇಲ್ಲಿ ಉತ್ತರ ಕಠಿಣ. ನನಗೆ ತೋರುವುದು ಇಷ್ಟು: ಆ ಭೂಮಿಯನ್ನು ಕೊಟ್ಟದ್ದು ಒಬ್ಬ ಮನುಷ್ಯನ ಕೈಗಲ್ಲ, ಭೂಮಿಯೇ ಇಲ್ಲದಿದ್ದ ಒಂದು ಮನೆತನ ತನ್ನ ಕಾಲ ಮೇಲೆ ನಿಲ್ಲಲೆಂದು. ತಂದೆಯ ಕಷ್ಟಕ್ಕೆ ಮಕ್ಕಳ ನೆಲೆ ಕರಗಬಾರದೆಂಬುದು ಅದರ ಆಶಯ. ಕೊಳ್ಳದೆ ಇರುವ ಸ್ವಾತಂತ್ರ್ಯ ಕೊಳ್ಳುವವನಿಗಿತ್ತು. ಮಾರದೆ ಇರುವ ಸ್ವಾತಂತ್ರ್ಯ ಮಾರುವವನಿಗೆ ಅಷ್ಟು ಇರಲಿಲ್ಲ. ಹಾಗೆಂದು ಪಡೆದ ಹಣದ ಋಣ ಅವನ ಮೇಲಿಲ್ಲವೆನ್ನಲಾರೆ. ಕಾನೂನು ವಸೂಲು ಮಾಡದ ಋಣಗಳೂ ಉಂಟು.

ಎರಡನೆಯ ತೊಡಕು ಕಾಲದ್ದು. ಹೊಲ ಕೈಯಿಂದ ಕೈಗೆ ಹೋಗಿ, ಕೊನೆಗೆ ಏನೂ ಅರಿಯದ ಸಂಸಾರವೊಂದು ಅದರಲ್ಲಿ ಮನೆ ಕಟ್ಟಿಕೊಂಡಿರಬಹುದು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ತಡವಾಗಿ ಬಂದ ಅರ್ಜಿಯೊಂದನ್ನು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. 2023ರಲ್ಲಿ ನಮ್ಮ ಶಾಸಕಾಂಗ ಕಾಯಿದೆಯನ್ನು ತಿದ್ದಿ, ಇಂಥ ಅರ್ಜಿಗೆ ಕಾಲಮಿತಿಯಿಲ್ಲವೆಂದಿತು. ಇಬ್ಬರೂ ನ್ಯಾಯವನ್ನೇ ನೆನೆದರು. ಒಬ್ಬರ ಕಣ್ಣೆದುರು ಇಂದು ಆ ನೆಲದಲ್ಲಿರುವವನಿದ್ದ, ಇನ್ನೊಬ್ಬರ ಕಣ್ಣೆದುರು ಅದನ್ನು ಕಳೆದುಕೊಂಡವನಿದ್ದ. ಕೊನೆಯವನ ನೋವು ನಿಜ. ಆದರೆ ಆ ನೋವನ್ನು ಬಿತ್ತಿದವನು ಮೊದಲು ಕೊಂಡವನು, ಗೊತ್ತಿದ್ದೂ ಕೇಳದೆ ಉಳಿದವನು.

ಮಾನ್ವಿಯಲ್ಲಿ, ದೇವದುರ್ಗದಲ್ಲಿ ಕಾಲುವೆ ನೀರು ಬಂದಲ್ಲೆಲ್ಲ ನೆಲಕ್ಕೆ ಬೆಲೆ ಬಂದಿದೆ. ರಾಯಚೂರಿನ ಸುತ್ತ ಹೊಲಗಳು ಪ್ಲಾಟುಗಳಾಗುತ್ತಿವೆ. ಕೊಳ್ಳುವ ನಾವು ಪಹಣಿ ನೋಡುತ್ತೇವೆ, ಅಳತೆ ನೋಡುತ್ತೇವೆ. ಈ ನೆಲವನ್ನು ಮೊದಲು ಯಾರಿಗೆ, ಏತಕ್ಕೆ ಕೊಟ್ಟಿದ್ದರು ಎಂಬುದನ್ನೂ ಕೇಳಬೇಕು. ಕೇಳಬಹುದಾದಲ್ಲಿ ಕೇಳದವನು 'ತಿಳಿಯದೆ ಕೊಂಡೆ' ಎನ್ನಲಾರ.

ಸ್ನೇಹಿತರು ಚಹ ಕುಡಿದು ಎದ್ದರು. ಕೊಳ್ಳುತ್ತಾರೋ ಬಿಡುತ್ತಾರೋ ಹೇಳಲಿಲ್ಲ. ಬಾಗಿಲಲ್ಲಿ ನಿಂತು, "ಆ ಹುಡುಗಿ ಲಗ್ನಕ್ಕ ಎಷ್ಟು ಬೇಕಾಗೇದ ಅಂತ ಕೇಳೇ ಇಲ್ಲ ನೋಡ್ರಿ," ಎಂದರು.