ಅನ್ನಪಾನನಿರೋಧವೂ ಹಿತ್ತಿಲ ಹಕ್ಕಿಗಳೂ

ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲ ನಾಲ್ಕನ್ನು ಶ್ರಾವಕರು ಸುಲಭವಾಗಿ ಗುರುತಿಸುತ್ತಾರೆ. ಪಂಜರದ ಗಿಳಿ ಬಂಧಕ್ಕೆ ಕಣ್ಣೆದುರಿನ ಉದಾಹರಣೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದನ್ನು ನಿಷೇಧಿಸಿದೆ. ಐದನೆಯದು ಮಾತ್ರ ಗಮನ ತಪ್ಪಿಸಿಕೊಳ್ಳುತ್ತದೆ. ಆಶ್ರಿತ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನ ನೀರು ದೊರೆಯದಂತೆ ಮಾಡುವುದು ಅನ್ನಪಾನನಿರೋಧ. ಕೊಟ್ಟಿಗೆಯ ಎತ್ತು ಆಕಳುಗಳ ವಿಷಯದಲ್ಲಿ ಇದರ ಅರ್ಥ ಸ್ಪಷ್ಟ. ಹಿತ್ತಿಲಿಗೆ ತಾವಾಗಿ ಬರುವ ಗುಬ್ಬಿ, ಗೊರವಂಕ, ಬೆಳವಗಳ ವಿಷಯದಲ್ಲಿ ಹೇಗೆ?

ಹಾರುವ ಹಕ್ಕಿ ಯಾರ ಆಶ್ರಿತವೂ ಅಲ್ಲ. ಒಂದು ದಿನ ಕಾಳು ಹಾಕದಿದ್ದರೆ ಸೂತ್ರದ ಅಕ್ಷರಾರ್ಥದಲ್ಲಿ ಅತಿಚಾರ ಸಂಭವಿಸದು. ಆದರೆ ಕಲಬುರಗಿಯ ವೈಶಾಖವನ್ನು ಬಲ್ಲವರು ಇಷ್ಟಕ್ಕೆ ಸಮಾಧಾನ ಪಡಲಾರರು. ಬಿಸಿಲು 43 ಡಿಗ್ರಿ ದಾಟುವ ದಿನಗಳಲ್ಲಿ ತಿಂಗಳುಗಟ್ಟಲೆ ಮಾಳಿಗೆಯ ಮೇಲೆ ನೀರಿಟ್ಟು ಹಕ್ಕಿಗಳನ್ನು ಕರೆದವನು, ಅವು ತನ್ನ ಬಟ್ಟಲನ್ನೇ ನೆಚ್ಚಿ ಬರುವಂತೆ ರೂಢಿ ಮಾಡಿಸಿದ್ದಾನೆ. ನಡುವೆ ಬಟ್ಟಲನ್ನು ಬರಿದಾಗಿಸಿದರೆ ಆತ ಅತಿಚಾರದ ಹೊಸ್ತಿಲಲ್ಲಿ ನಿಂತಂತೆಯೇ ಎಂಬುದು ನನ್ನ ಅಭಿಪ್ರಾಯ.

ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಂದು ಕೆಲವು ಮನೆಗಳಲ್ಲಿ ಒಲೆಯೊಡನೆ ಹಕ್ಕಿಯ ಬಟ್ಟಲೂ ತಣ್ಣಗಿರುವುದನ್ನು ಕಂಡಿದ್ದೇನೆ. ಕೇಳಿದರೆ ಆರಂಭತ್ಯಾಗವೆನ್ನುತ್ತಾರೆ. ಉಪವಾಸದ ಸಂಕಲ್ಪ ಮಾಡಿದವರು ನಾವು, ಗುಬ್ಬಿಯಲ್ಲ! ಹಿಂದಿನ ದಿನವೇ ಕಾಳನ್ನು ಶೋಧಿಸಿಟ್ಟರೆ ಆರಂಭದ ಪ್ರಶ್ನೆಯೇ ಏಳದು.

ಶೋಧಿಸುವುದೆಂದೆನಷ್ಟೆ. ಹುಳು ಬಿದ್ದು ಮನೆಗೆ ಬೇಡವಾದ ಜೋಳವನ್ನು ಹಕ್ಕಿಗೆ ಸುರಿಯುವುದು ದಾನವೆನಿಸದು, ಹುಳುವೂ ತ್ರಸಜೀವಿ. ಸಜ್ಜೆ, ನವಣೆ, ಜೋಳದ ನುಚ್ಚು ಉತ್ತಮ. ಉಪ್ಪು ಬೆರೆತದ್ದು, ಕರಿದದ್ದು ಸಲ್ಲದು. ನೀರನ್ನು ಸೋಸಿಯೇ ಇಡಬೇಕು. ಸೋಸಿದ ನೀರಿನ ಮಿತಿ ಎರಡು ಘಳಿಗೆ, ಅಂದರೆ 48 ನಿಮಿಷ. ಬಟ್ಟಲ ನೀರಿಗೆ ಈ ನಿಯಮವನ್ನು ಪಾಲಿಸುವುದು ಕಷ್ಟವೆಂದು ಬಲ್ಲೆ. ಆದರೂ ದಿನಕ್ಕೆರಡು ಸಲ ಬಟ್ಟಲು ತಿಕ್ಕಿ ನೀರು ಬದಲಿಸಲು ಯಾರಿಗೂ ಅಡ್ಡಿಯಿಲ್ಲ. ವಾರಗಟ್ಟಲೆ ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ಹುಟ್ಟುತ್ತವೆ, ಬಳಿಕ ಅವನ್ನು ಚೆಲ್ಲುವ ಪಾಪ ನಮ್ಮದೇ. ಅಗಲವಾದ, ಆಳವಿಲ್ಲದ ಮಣ್ಣಿನ ಬಟ್ಟಲಿರಲಿ; ಜೇನ್ನೊಣ ಮುಳುಗದಂತೆ ನಡುವೆ ಒಂದು ಕಲ್ಲಿರಲಿ. ಉಳಿದ ಕಾಳನ್ನು ಸೂರ್ಯಾಸ್ತಕ್ಕೆ ಮುನ್ನ ಎತ್ತಿಬಿಡಬೇಕು, ಇಲ್ಲವಾದರೆ ಇರುಳಿಗೆ ಇಲಿಗಳು ಸೇರುತ್ತವೆ.

ಹಕ್ಕಿ ಹುಳುವನ್ನು ತಿನ್ನುತ್ತದಲ್ಲ, ಅದನ್ನು ಕರೆದವನಿಗೆ ಆ ಹಿಂಸೆಯ ಪಾಲಿಲ್ಲವೇ ಎಂದು ಶಂಕಿಸುವವರುಂಟು. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ಹುಳುವನ್ನೇ ತಿನ್ನಿಸುತ್ತದೆ, ನಿಜ. ಆದರೆ ಅದು ಹಕ್ಕಿಯ ಜಾತಿಸ್ವಭಾವ, ನಮ್ಮ ಸಂಕಲ್ಪವಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪದಿಂದಲೇ ಭವಭವಗಳಲ್ಲಿ ತೊಳಲಿದ ಯಶೋಧರನ ಕಥೆಯನ್ನು ಜನ್ನನಲ್ಲಿ ಓದಿದವರಿಗೆ ಸಂಕಲ್ಪದ ತೂಕವನ್ನು ನಾನು ಹೇಳಬೇಕಿಲ್ಲ.

ನಗರದ ಮಾಳಿಗೆಗೆ ಬಟ್ಟಲೇ ಗತಿ. ಹುಮನಾಬಾದ್ ದಾರಿಯ ಕಮಲಾಪುರದ ಕಡೆ ಹೊಲ ಹಿತ್ತಿಲುಳ್ಳವರಿಗೆ ಇದಕ್ಕಿಂತ ಮೇಲಾದ ಮಾರ್ಗವಿದೆ. ಅಲ್ಲಿಯ ಕೆಂಬಾಳೆ ಹೆಸರಾದದ್ದು. ಒಂದು ಚಿಪ್ಪನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟರೆ ಪಿಕಳಾರಗಳು ತಾವೇ ಹುಡುಕಿ ಬರುತ್ತವೆ. ಬದುವಿನಲ್ಲಿ ನಾಲ್ಕು ಜೋಳದ ತೆನೆ ಕೊಯ್ಯದೆ ಉಳಿಯಲಿ. ಸೀತನಿಯನ್ನು ಬೆಲ್ಲದೊಡನೆ ಸವಿಯುವ ನಾವು ಗುಬ್ಬಿಯ ಮೇಲೆ ಕವಣೆ ಬೀಸುವುದು ವಿಚಿತ್ರವೇ ಸರಿ. ಬೇವು, ಆಲ, ಅತ್ತಿಗಳನ್ನು ಉಳಿಸಿಕೊಂಡವನು ಬಟ್ಟಲಿಡುವುದನ್ನು ಮರೆತರೂ ಹಕ್ಕಿ ಹಸಿಯದು.

ಮುಂಬರುವ ಚಾತುರ್ಮಾಸದಲ್ಲಿ ಈ ನಿಯಮವನ್ನು ಹಿಡಿಯುವವರು ಅವಧಿಯನ್ನು ಮೊದಲೇ ನಿಶ್ಚಯಿಸಿಕೊಳ್ಳಿರಿ. ಶ್ರವಣಬೆಳಗೊಳಕ್ಕೋ ಮತ್ತೆಲ್ಲಿಗೋ ಯಾತ್ರೆ ಹೊರಡುವುದಾದರೆ ನೆರೆಮನೆಯ ಮಗುವಿನ ಕೈಗೆ ಕಾಳಿನ ಡಬ್ಬಿಯನ್ನೂ ಸೋಸುವ ಬಟ್ಟೆಯನ್ನೂ ಒಪ್ಪಿಸಿ ಹೋಗಿರಿ.