ಮೊಣಕೈ ಇಲ್ಲದ ಬೊಂಬೆ

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಗೆಳೆಯ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಕಳೆದ ತಿಂಗಳು ಬಾಕಿ ಇದ್ದ ಫೆಲೋಶಿಪ್ ಹಣ ಒಟ್ಟಿಗೆ ಕೈಸೇರಿದಾಗ ಅವನು ಮಾಡಿದ ಮೊದಲ ಕೆಲಸ, ಯಾರೋ ಬಳಸಿ ಮಾರಿದ್ದ ಒಂದು ಆಟಿಕೆಯನ್ನು ಕೊಂಡಿದ್ದು. ಟ್ರಾನ್ಸ್‌ಫಾರ್ಮರ್ಸ್ ಸರಣಿಯ ಡಿವಾಸ್ಟೇಟರ್. ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಆರು ಬೊಂಬೆಗಳನ್ನು ಸಾಲಾಗಿ ಇಟ್ಟು, "ನೀನು ತತ್ವಶಾಸ್ತ್ರದವನಲ್ವಾ ಮಾರಾಯ, ಇದು ಒಳ್ಳೆಯದೋ ಅಲ್ವೋ ಹೇಳು" ಅಂದ. ಅವನು ಕೇಳಿದ್ದು ತಮಾಷೆಗೆ. ನನಗೆ ಮಾತ್ರ ಆ ಪ್ರಶ್ನೆ ಇನ್ನೂ ಬಿಟ್ಟುಹೋಗಿಲ್ಲ.

ಈ ಆಟಿಕೆಯ ಮೂಲ ಜಪಾನ್. ಅಲ್ಲಿನ ಟಕಾರಾ ಕಂಪನಿಯ ಡಯಾಕ್ಲೋನ್ ಎಂಬ ಸರಣಿಯಲ್ಲಿ ಹುಟ್ಟಿದ ಬೊಂಬೆಗಳನ್ನು ಅಮೆರಿಕದ ಹ್ಯಾಸ್ಬ್ರೋ ತೆಗೆದುಕೊಂಡು, 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೊಸ ಹೆಸರು, ಹೊಸ ಕಥೆ ಕೊಟ್ಟು ಮಾರುಕಟ್ಟೆಗೆ ತಂದಿತು. ಡಿವಾಸ್ಟೇಟರ್ ಬಂದಿದ್ದು ಅದರ ಮರುವರ್ಷ. ಕಟ್ಟಡ ಕೆಲಸದ ಆರು ಯಂತ್ರಗಳು, ಹಸಿರು ಮತ್ತು ನೇರಳೆ ಬಣ್ಣ. ಒಂದೊಂದೂ ಮಡಚಿ ಬಿಡಿಸಿದರೆ ಒಬ್ಬೊಬ್ಬ ಪುಟ್ಟ ರೋಬೋ ಆಗುತ್ತದೆ. ಆರೂ ಸೇರಿದರೆ ಒಬ್ಬನೇ ದೈತ್ಯ. ಲೋಡರ್ ಬಲಗಾಲು, ಸಿಮೆಂಟ್ ಕಲಸುವ ಲಾರಿ ಎಡಗಾಲು, ಟಿಪ್ಪರ್ ಸೊಂಟ, ಬುಲ್ಡೋಜರ್ ಎಡಗೈ, ನಮ್ಮ ಕಡೆ ಹಿಟಾಚಿ ಎಂದು ಕರೆಯುವ ಅಗೆಯುವ ಯಂತ್ರ ಬಲಗೈ. ಕ್ರೇನ್ ಮೇಲೆ ಕೂತು ಹೆಗಲು, ತಲೆ ಆಗುತ್ತದೆ.

ಗೆಳೆಯ ತಂದಿದ್ದು 1985ರದ್ದಲ್ಲ, 2015ರಲ್ಲಿ ಹೊಸದಾಗಿ ಮಾಡಿದ್ದು. ಸುಮಾರು 18 ಇಂಚು ಎತ್ತರ. ಜೋಡಿಸಿ ನಿಲ್ಲಿಸಿದಾಗ ಕೋಣೆಯಲ್ಲಿದ್ದ ನಾಲ್ಕು ಜನರೂ ಒಂದು ಕ್ಷಣ ಸುಮ್ಮನಾದೆವು. ಅಷ್ಟು ಗತ್ತು ಅದಕ್ಕೆ. ಆಮೇಲೆ ಬಿಡಿಸಿ ಒಂದೊಂದನ್ನೇ ಕೈಗೆತ್ತಿಕೊಂಡೆ. ಒಂದರ ಕೈ ಹೆಗಲಿನಿಂದ ಮೇಲೆ ಕೆಳಗೆ ತಿರುಗಿತು, ಆದರೆ ನಡುವೆ ಮಡಿಯಲಿಲ್ಲ. ಇನ್ನೊಂದನ್ನು ನೋಡಿದೆ, ಅದೂ ಹಾಗೇ. "ಇದಕ್ಕೆ ಮೊಣಕೈಯೇ ಇಲ್ವಲ್ಲೋ" ಅಂದೆ. "ಹೌದು, ಈ ಆವೃತ್ತಿಯಲ್ಲಿ ಕೆಲವಕ್ಕೆ ಇಲ್ಲ. ಆದ್ರೆ ದೊಡ್ಡದು ಹೇಗೆ ನಿಂತಿದೆ ನೋಡು" ಅಂದ.

ಇಡೀ ಚೆನ್ನಾಗಿದ್ದರೆ ಬಿಡಿಗಳ ಕೊರತೆಯನ್ನು ಮರೆಯಬಹುದೇ? ಆಟಿಕೆ ಸಂಗ್ರಹಿಸುವವರು ಈ ವಿಷಯದಲ್ಲಿ ಎರಡು ಪಕ್ಷ. ಕೊನೆಗೆ ಕಪಾಟಿನಲ್ಲಿ ನಿಲ್ಲುವುದು ದೈತ್ಯನೇ, ಅವನನ್ನೇ ನೋಡಿ ಬೆಲೆ ಕಟ್ಟಬೇಕು ಎನ್ನುವವರು ಕೆಲವರು. ನಾನು ಕೊಂಡಿದ್ದು ಆರು ಬೊಂಬೆ, ಆರಕ್ಕೂ ಅದರದರ ಮರ್ಯಾದೆ ಇರಬೇಕು ಎನ್ನುವವರು ಉಳಿದವರು. ಅದನ್ನು ಕೇಳಿದಾಗ ನನಗೆ ನೆನಪಾಗಿದ್ದು ಎರಡು ಹಳೆಯ ಪ್ರಸಂಗಗಳು.

ಮೊದಲನೆಯದು ಪಾಲಿ ಭಾಷೆಯ ಮಿಲಿಂದ ಪನ್ಹದ್ದು. ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ಆ ರಥ ಯಾವುದು? ಚಕ್ರವೇ? ಅಚ್ಚೇ? ನೊಗವೇ? ಎಲ್ಲ ಸೇರಿದ್ದೇ? ಇವೆಲ್ಲ ಬಿಟ್ಟು ಬೇರೇನಾದರೂ ಇದೆಯೇ? ಪ್ರತಿಯೊಂದಕ್ಕೂ ರಾಜ ಇಲ್ಲ ಎನ್ನಬೇಕಾಗುತ್ತದೆ. ಬಿಡಿಭಾಗಗಳನ್ನು ಆಧರಿಸಿ ನಾವು ಇಟ್ಟುಕೊಂಡ ಹೆಸರು ರಥ, ಅಷ್ಟೇ. ಎರಡನೆಯದು ಅರಿಸ್ಟಾಟಲನದ್ದು. ಇಡೀ ಎನ್ನುವುದು ಬಿಡಿಗಿಂತ ಮೊದಲು ಎನ್ನುತ್ತಾನೆ ಅವನು. ದೇಹದಿಂದ ಬೇರೆಯಾದ ಕೈ ಹೆಸರಿಗಷ್ಟೇ ಕೈ. ರಾಜ್ಯವಿಲ್ಲದ ಮನುಷ್ಯನ ಬಗ್ಗೆ ಹೇಳುವುದಕ್ಕೆ ಅವನು ಈ ಹೋಲಿಕೆ ಬಳಸಿದ.

ಡಿವಾಸ್ಟೇಟರ್ ಇವೆರಡಕ್ಕೂ ಸರಿಯಾಗಿ ಹೊಂದುವುದಿಲ್ಲ. ರಥದ ಚಕ್ರಕ್ಕೆ ರಥ ಬಿಟ್ಟರೆ ಬೇರೆ ಬದುಕಿಲ್ಲ. ಕಡಿದ ಕೈಗೂ ಇಲ್ಲ. ಆದರೆ ದೈತ್ಯನ ಬಲಗೈಯನ್ನು ಕಳಚಿಟ್ಟರೆ ಅದು ಸತ್ತ ಕೈಯಲ್ಲ, ಎದ್ದು ನಿಲ್ಲುವ ಇನ್ನೊಬ್ಬ. ಅವನಿಗೆ ಹೆಸರಿದೆ, ಮುಖವಿದೆ. ಮನುಷ್ಯರು ಸೇರಿ ಕಟ್ಟಿಕೊಂಡ ಯಾವುದನ್ನೇ ನೋಡಿ, ಮನೆ, ಸಂಘ, ಮಠ, ದೇಶ, ಎಲ್ಲ ಇರುವುದು ಹೀಗೆಯೇ. ಬಿಡಿಭಾಗಕ್ಕೆ ತನ್ನದೇ ಮುಖವಿರುವ ಜೋಡಣೆ. ಆದ್ದರಿಂದ ಇಲ್ಲಿ ದೈತ್ಯ ಚೆನ್ನಾಗಿ ನಿಂತಿದ್ದಾನೆ ಎನ್ನುವುದು ಅರ್ಧ ಮೌಲ್ಯಮಾಪನ ಮಾತ್ರ. ಅವನು ನಿಲ್ಲುವುದಕ್ಕೆ ಯಾರು ಏನು ಬಿಟ್ಟುಕೊಟ್ಟರು ಎಂದು ಕೇಳುವುದು ಉಳಿದರ್ಧ.

ನಾನು ಬೆಳೆದದ್ದು ಸಾಗರದ ಹತ್ತಿರದ ಒಂದು ಕೂಡುಕುಟುಂಬದಲ್ಲಿ. ನನಗೆ ಏಳು ವರ್ಷ ಆಗಿದ್ದಾಗ ಚಿಕ್ಕಮ್ಮ ನಮ್ಮ ಮನೆಗೆ ಮದುವೆಯಾಗಿ ಬಂದಳು. ಬಿ.ಎ. ಎರಡನೇ ವರ್ಷ ಅರ್ಧಕ್ಕೆ ನಿಂತಿತ್ತು. "ಮುಂದೆ ಓದಿಸೋಣ" ಎಂಬ ಮಾತು ಮದುವೆಯ ಮಾತುಕತೆಯಲ್ಲಿ ಬಂದಿತ್ತಂತೆ. ಆಮೇಲೆ ಅಜ್ಜ ಹಾಸಿಗೆ ಹಿಡಿದರು. ಅಮ್ಮ ಶಾಲೆಯ ಟೀಚರ್, ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯಬೇಕು. ಕೊಟ್ಟಿಗೆ, ಅಡುಗೆ, ಅಜ್ಜನ ಔಷಧಿ, ನಮ್ಮ ನಾಲ್ಕು ಮಕ್ಕಳ ಬುತ್ತಿ, ಎಲ್ಲ ಚಿಕ್ಕಮ್ಮನ ಪಾಲಿಗೆ ಬಂತು. ನೆಂಟರು ಬಂದಾಗಲೆಲ್ಲ ಅಜ್ಜಿ ಹೇಳುತ್ತಿದ್ದರು, "ಈ ಮನೆ ನಿಂತಿರೋದೇ ಅವಳಿಂದ." ಅದು ಹೊಗಳಿಕೆ. ನಾವೆಲ್ಲ ಅದನ್ನು ಹೊಗಳಿಕೆಯಾಗಿಯೇ ಕೇಳಿಸಿಕೊಂಡೆವು. ಓದಿನ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಯಾರೂ ಕೆಟ್ಟವರಲ್ಲ ಎಂಬುದು ಇಲ್ಲಿ ಮುಖ್ಯ. ಚಿಕ್ಕಮ್ಮನ ಮೇಲೆ ಯಾರೂ ದನಿ ಎತ್ತಿದ್ದು ನನಗೆ ನೆನಪಿಲ್ಲ. ಬಿಟ್ಟುಕೊಡುವುದೇ ತಪ್ಪು ಎಂದೂ ನಾನು ಹೇಳುತ್ತಿಲ್ಲ. ಏನನ್ನೂ ಬಿಟ್ಟುಕೊಡದ ಆರು ಜನ ಸೇರಿ ಒಂದು ಮೇಜನ್ನೂ ಎತ್ತಲಾರರು. ದೈತ್ಯನ ಸೊಂಟವಾಗಬೇಕಾದ ಟಿಪ್ಪರ್ ಬೇರೆಯವರ ಹಾಗೆ ಆಯುಧ ಝಳಪಿಸುತ್ತ ನಿಲ್ಲಲಾಗುವುದಿಲ್ಲ, ಅದು ಜೋಡಣೆಯ ಬೆಲೆ. ನನ್ನ ಪ್ರಶ್ನೆ ಬೇರೆ: ಬಿಟ್ಟುಕೊಟ್ಟಿದ್ದೆಲ್ಲ ನಿಜವಾಗಿ ಬೇಕಿತ್ತೇ?

ಗೆಳೆಯ ಅಂದು ಹೇಳಿದ ಇನ್ನೊಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿದ್ದು ಇಲ್ಲಿ. ನಾನು ಕೈಯಲ್ಲಿ ಹಿಡಿದಿದ್ದು ಅಮೆರಿಕದ ಆವೃತ್ತಿ. ಅದೇ ಅಚ್ಚನ್ನು ತಿದ್ದಿ ಜಪಾನಿನಲ್ಲಿ ಟಕಾರಾ ಟೋಮಿ, ಯುನೈಟ್ ವಾರಿಯರ್ಸ್ ಎಂಬ ಹೆಸರಿನಲ್ಲಿ ತನ್ನದೇ ಆವೃತ್ತಿ ತಂದಿತು. ಅದರಲ್ಲಿ ಮೊಣಕೈ ಕೀಲು ಸೇರಿಸಿದ್ದಾರೆ. ದೈತ್ಯ? ಅವನು ಅಷ್ಟೇ ಎತ್ತರ, ಅದೇ ಗತ್ತು, ನೆಟ್ಟಗೆ ನಿಂತಿದ್ದಾನೆ. ಅಂದರೆ ಮೊಣಕೈ ಇಲ್ಲದ್ದರಿಂದ ಅವನು ನಿಂತಿದ್ದಾನೆ ಎಂದು ನಾವು ಅಂದುಕೊಂಡಿದ್ದರೆ ಅದು ಸುಳ್ಳು. ಮೊಣಕೈ ಇದ್ದರೂ ನಿಲ್ಲುತ್ತಿದ್ದ.

ಆರು ವರ್ಷದ ಹಿಂದೆ, ಮಕ್ಕಳೆಲ್ಲ ಮನೆಬಿಟ್ಟ ಮೇಲೆ, ಚಿಕ್ಕಮ್ಮ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಹೆಸರು ನೋಂದಾಯಿಸಿದಳು. ಅರ್ಜಿ ತುಂಬಿದವನು ನಾನೇ. ಮೊದಲ ಪರೀಕ್ಷೆಗೆಂದು ಶಿವಮೊಗ್ಗಕ್ಕೆ ಹೋಗಿ ತವರಿನವರ ಮನೆಯಲ್ಲಿ ಹತ್ತು ದಿನ ಉಳಿದಳು. ಆ ಹತ್ತು ದಿನ ಚಿಕ್ಕಪ್ಪ ಹಾಲು ಕರೆದರು. ಅಪ್ಪ ಅನ್ನಕ್ಕಿಟ್ಟರು. ರಜೆಯಲ್ಲಿದ್ದ ನಾನು ದಿನಾ ಅದೇ ತಿಳಿಸಾರು ಮಾಡಿದೆ. ಅಜ್ಜಿ ಸ್ವಲ್ಪ ಗೊಣಗಿದರು, ಎರಡನೇ ದಿನದಿಂದ ಉಪ್ಪು ಎಷ್ಟು ಹಾಕಬೇಕೆಂದು ಹೇಳಿಕೊಟ್ಟರು. ಮನೆ ಬೀಳಲಿಲ್ಲ.

ಚಿಕ್ಕಮ್ಮ ವಾಪಸು ಬಂದವಳು ಅಡುಗೆಮನೆಯನ್ನು ಒಮ್ಮೆ ನೋಡಿ ನಕ್ಕಳು. ರಾತ್ರಿ ಪಾತ್ರೆ ತೊಳೆಯುವಾಗ ನನ್ನೊಬ್ಬನಿಗೇ ಕೇಳುವ ಹಾಗೆ ಅಂದಳು, "ಹದಿನೈದು ವರ್ಷದ ಹಿಂದೇನೇ ಯಾರಾದ್ರೂ ಒಂದ್ ಮಾತು ಕೇಳಿದ್ರೆ ಆಗ್ತಿತ್ತು, ಅಲ್ವನೋ?"

ನನಗೆ ಉತ್ತರ ಹೊಳೆಯಲಿಲ್ಲ. ಆಗ ನಾನು ಚಿಕ್ಕವನು ಎನ್ನಬಹುದಿತ್ತು. ಆದರೆ ನಾನು ಪಿಯುಸಿಗೆ ಬಂದಾಗ ಚಿಕ್ಕವನಾಗಿರಲಿಲ್ಲ, ಡಿಗ್ರಿಗೆ ಬಂದಾಗಲಂತೂ ಅಲ್ಲವೇ ಅಲ್ಲ. ಊರಿಗೆ ಹೋದಾಗಲೆಲ್ಲ ಅವಳಿಗೆ ನನ್ನ ಓದಿನ ಕಥೆ ಹೇಳುತ್ತಿದ್ದೆ, ಅವಳು ಕೇಳುತ್ತಿದ್ದಳು. ನಿನಗೂ ಓದಬೇಕು ಅನಿಸುತ್ತದಾ ಎಂದು ಕೇಳಲು ನನಗೆ ಅಷ್ಟು ವರ್ಷ ಹಿಡಿಯಿತು. ಮನೆ ನೆಟ್ಟಗೆ ನಿಂತಿದ್ದು ನನಗೆ ಅನುಕೂಲವಾಗಿತ್ತು. ನೆಟ್ಟಗೆ ನಿಂತ ದೈತ್ಯನನ್ನು ನೋಡುವವರು ಸಾಮಾನ್ಯವಾಗಿ ದೂರದಿಂದ ನೋಡುತ್ತಾರೆ. ನಾನೂ ಹಾಗೆಯೇ ನೋಡಿದ್ದೆ.

ಇಡೀಯ ಹಿತಕ್ಕಾಗಿ ಬಿಡಿಯ ತ್ಯಾಗ ಅನಿವಾರ್ಯ ಎನ್ನುವ ಮಾತನ್ನು ನಾವು ಪರೀಕ್ಷೆ ಮಾಡದೆಯೇ ಒಪ್ಪಿಕೊಳ್ಳುತ್ತೇವೆ. ಕೀಲು ಸೇರಿಸಿ ನೋಡುವವರೆಗೂ ಅದು ನಿಜವೋ ಸುಳ್ಳೋ ತಿಳಿಯುವುದಿಲ್ಲ. ಸೇರಿಸಿ ನೋಡಿದಾಗ ದೈತ್ಯ ನಿಜವಾಗಿ ಕುಸಿದರೆ, ಆಗ ಕೂತು ಮಾತಾಡೋಣ, ಯಾರು ಎಷ್ಟು ಬಿಡಬೇಕು ಎಂದು ಹಂಚಿಕೊಳ್ಳೋಣ. ನೋಡದೆಯೇ ಅನಿವಾರ್ಯ ಎಂದರೆ ಅದು ಬರೀ ಸೋಮಾರಿತನ. ತ್ಯಾಗವನ್ನು ಹೊಗಳುವುದು ಆ ಸೋಮಾರಿತನವನ್ನು ಮುಚ್ಚಿಕೊಳ್ಳುವ ಸುಲಭದ ದಾರಿ.

ಗೆಳೆಯನಿಗೆ ಉತ್ತರ ಕೊಡಬೇಕಲ್ಲ. "ದೊಡ್ಡದು ಚೆನ್ನಾಗಿದೆ, ಆದರೆ ಮೊಣಕೈ ಕೊಡಬಹುದಿತ್ತು" ಅಂದೆ. "ಅಷ್ಟೇನಾ? ಅದು ಎಲ್ಲರಿಗೂ ಗೊತ್ತಿರೋದೇ" ಅಂತ ನಕ್ಕ. ದೈತ್ಯ ಈಗ ಅವನ ಮೇಜಿನ ಮೇಲೆ, ಪ್ರಬಂಧದ ಕರಡು ಪ್ರತಿಗಳ ಪಕ್ಕದಲ್ಲಿ ನಿಂತಿದ್ದಾನೆ. ಚಿಕ್ಕಮ್ಮ ಬಿ.ಎ. ಮುಗಿಸಿ ಈಗ ಕನ್ನಡ ಎಂ.ಎ. ಎರಡನೇ ವರ್ಷದಲ್ಲಿದ್ದಾಳೆ. ಪರೀಕ್ಷೆ ಬಂದರೆ ಚಿಕ್ಕಪ್ಪನೇ ಕೊಟ್ಟಿಗೆಗೆ ಹೋಗುತ್ತಾರೆ. ಈ ಸಲ ಊರಿಗೆ ಹೋದಾಗ ಸಾರು ನಾನೇ ಮಾಡಬೇಕಂತೆ, ಫೋನಿನಲ್ಲಿ ಹೇಳಿದ್ದಾಳೆ.