ಎರಡು ವರ್ಷಕ್ಕೊಮ್ಮೆ ಬದುಕಿನ ಲೆಕ್ಕ

ಯುಎಇಯಲ್ಲಿ ಹದಿನೈದು ವರ್ಷ ದುಡಿದವರನ್ನು ‘ಊರಿಗೆ ವಾಪಸ್ ಯಾವಾಗ?’ ಎಂದು ಕೇಳಿ ನೋಡಿ. ‘ಇನ್ನೆರಡು ವರ್ಷ’ ಎನ್ನುತ್ತಾರೆ. ಐದು ವರ್ಷದ ಹಿಂದೆ ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಸುಳ್ಳು ಹೇಳುತ್ತಿದ್ದಾರೆಂದಲ್ಲ, ಅವರು ನಿಜವಾಗಿಯೂ ಹಾಗೆಯೇ ನಂಬಿದ್ದಾರೆ. ಇಲ್ಲಿ ನೌಕರಿಯ ವೀಸಾ ಸಾಮಾನ್ಯವಾಗಿ ಎರಡು ವರ್ಷದ್ದು. ಎಷ್ಟೇ ವರ್ಷ ದುಡಿದರೂ ಪೌರತ್ವ ಸಿಗುವ ದಾರಿ ನಮ್ಮಂಥವರಿಗೆ ಇಲ್ಲವೆಂದೇ ಹೇಳಬೇಕು. ಹಾಗಾಗಿ ಹೊರಡುವುದು ಖಚಿತ, ಹೊರಡುವ ದಿನ ಮಾತ್ರ ಗೊತ್ತಿಲ್ಲ.

ಈ ಅನಿಶ್ಚಯ ನಮ್ಮಲ್ಲಿ ಒಂದು ಅಭ್ಯಾಸ ಬೆಳೆಸುತ್ತದೆ. ಹೇಗೂ ಹೋಗುವವರು ತಾನೇ ಎಂದುಕೊಂಡು ಎಲ್ಲವನ್ನೂ ಮುಂದೂಡುತ್ತೇವೆ. ಉಯಿಲು ಬರೆಯುವುದಿಲ್ಲ, ಊರಿನ ಬ್ಯಾಂಕ್ ಖಾತೆ ಸರಿಪಡಿಸುವುದಿಲ್ಲ, ಪಕ್ಕದ ಫ್ಲ್ಯಾಟಿನವರ ಪರಿಚಯ ಮಾಡಿಕೊಳ್ಳುವುದಿಲ್ಲ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಎರಡು ಮೂರು ತಲೆಮಾರು ಗಲ್ಫಿನಲ್ಲಿ ದುಡಿದಿದೆ. ಅವರ ಪೈಕಿ ನೆಮ್ಮದಿಯಿಂದ ಬದುಕಿ ನೆಮ್ಮದಿಯಿಂದ ಮರಳಿದವರನ್ನು ಗಮನಿಸಿದಾಗ ನನಗೆ ಕಂಡದ್ದು ಇಷ್ಟು: ಅವರು ದುಡಿಮೆಯಷ್ಟೇ ಶ್ರದ್ಧೆಯಿಂದ ಲೆಕ್ಕವನ್ನೂ ನೋಡಿಕೊಂಡವರು.

ಇದಕ್ಕೆ ಸುಲಭವಾದ ಒಂದು ಕ್ರಮವಿದೆ. ವೀಸಾ ನವೀಕರಣ ಬಂದಾಗ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಆರೋಗ್ಯ ವಿಮೆ, ಎಮಿರೇಟ್ಸ್ ಐಡಿ ಎಲ್ಲವೂ ಸರದಿಯಂತೆ ಆಗುತ್ತವೆ. ಅದೇ ವಾರ ನಮ್ಮ ಬದುಕಿನ ತಪಾಸಣೆಯನ್ನೂ ನಾವೇ ಮಾಡಿಕೊಳ್ಳಬೇಕು. ಹತ್ತು ವರ್ಷದ ಗೋಲ್ಡನ್ ವೀಸಾ ಇರುವವರು ತಾವೇ ಒಂದು ತಿಂಗಳು ಗೊತ್ತುಮಾಡಿಕೊಳ್ಳಲಿ. ನೋಡಬೇಕಾದವು ನಾಲ್ಕು: ಕಾಗದ, ಹಣ, ಊರು, ಇಲ್ಲಿನ ದಿನಚರಿ.

ಕಾಗದಪತ್ರ

ಮನೆಯಲ್ಲಿ ಒಂದೇ ಒಂದು ಫೈಲ್ ಇರಲಿ. ಎಲ್ಲರ ಪಾಸ್‌ಪೋರ್ಟ್, ಕೆಲಸದ ಕರಾರು, ದೃಢೀಕರಣವಾದ ಪದವಿ ಪ್ರಮಾಣಪತ್ರ, ಮದುವೆಯ ನೋಂದಣಿ, ಬಾಡಿಗೆ ಕರಾರು, ವಿಮೆ, ಸಾಲದ ಕಾಗದ ಅದರಲ್ಲಿರಲಿ. ಅದು ಎಲ್ಲಿದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ತಿಳಿದಿರಲಿ. ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಬೇಕು. ನೌಕರನ ದಾಖಲೆಗಳನ್ನು ಮಾಲೀಕ ಇಟ್ಟುಕೊಳ್ಳುವುದನ್ನು ಯುಎಇಯ 2021ರ ಕಾರ್ಮಿಕ ಕಾನೂನು ನಿಷೇಧಿಸಿದೆ. ಇಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಮಗುವಿನ ಪೌರತ್ವದ ವಿಷಯವೇ ತೊಡಕಾಗುತ್ತದೆ.

ಊರಿನ ಸೈಟು ಮಾರಲೋ ಮನೆಯ ಖಾತೆ ಬದಲಿಸಲೋ ಯಾರಿಗಾದರೂ ಅಧಿಕಾರ ಪತ್ರ ಕೊಡಬೇಕಾಗುತ್ತದೆ. ಇಂಥ ಸೈಟು, ಇಂಥ ಕೆಲಸ ಎಂದು ಸ್ಪಷ್ಟವಾಗಿ ಬರೆದು ದೂತಾವಾಸದಲ್ಲಿ ಸಹಿ ಮಾಡಿಸಿ. ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಎಲ್ಲದಕ್ಕೂ ಸೇರಿಸಿ ಒಂದೇ ಸಾಮಾನ್ಯ ಅಧಿಕಾರ ಪತ್ರ ಕೊಡುವುದರಿಂದ ಆಸ್ತಿ ಕೈತಪ್ಪಬಹುದು, ಅಣ್ಣತಮ್ಮಂದಿರ ನಡುವೆ ಮನಸ್ತಾಪವೂ ಹುಟ್ಟಬಹುದು. ವಿಶ್ವಾಸ ಉಳಿಯಬೇಕೆಂದಿದ್ದರೆ ಕಾಗದ ಸ್ಪಷ್ಟವಾಗಿರಬೇಕು.

ಉಯಿಲಿನ ಮಾತು ಎತ್ತಿದರೆ ‘ಅಪಶಕುನ ಯಾಕೆ?’ ಎನ್ನುವವರಿದ್ದಾರೆ. ಖಾತೆದಾರ ತೀರಿಕೊಂಡ ಸುದ್ದಿ ಬ್ಯಾಂಕಿಗೆ ತಲುಪಿದರೆ ಖಾತೆ ಸ್ಥಗಿತವಾಗುತ್ತದೆ, ನ್ಯಾಯಾಲಯದ ಆದೇಶ ಬರುವವರೆಗೆ ಹೆಂಡತಿಯ ಕೈಗೆ ಕಾಸು ಸಿಗುವುದಿಲ್ಲ. ದುಃಖದ ಮನೆಯಲ್ಲಿ ಬಾಡಿಗೆಗೂ ಪರದಾಡುವ ಸ್ಥಿತಿ ಯಾರಿಗೂ ಬರಬಾರದು. ಮುಸ್ಲಿಮೇತರರು ಉಯಿಲು ನೋಂದಾಯಿಸಲು ದುಬೈಯ ಹಣಕಾಸು ಕೇಂದ್ರ ಡಿಐಎಫ್‌ಸಿಯಲ್ಲಿ 2015ರಿಂದಲೇ ಅವಕಾಶವಿದೆ. ಅಬುಧಾಬಿಯಲ್ಲೂ ವ್ಯವಸ್ಥೆ ಇದೆ. ಮನೆಯಾಕೆಯ ಹೆಸರಿನಲ್ಲಿ ಕೆಲವು ತಿಂಗಳ ಖರ್ಚಿಗಾಗುವಷ್ಟು ಹಣವಿರುವ ಪ್ರತ್ಯೇಕ ಖಾತೆ ಇರಲೇಬೇಕು.

ಹಣ

ನಮ್ಮವರಲ್ಲಿ ಹೆಚ್ಚಿನವರು ಗ್ರಾಚ್ಯುಟಿಯನ್ನು ತಪ್ಪಾಗಿ ಲೆಕ್ಕ ಹಾಕುತ್ತಾರೆ. ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಸಂಬಳ. ಆದರೆ ಈ ಲೆಕ್ಕ ಮೂಲವೇತನದ ಮೇಲೆ ಮಾತ್ರ. ಕೈಗೆ 10,000 ದಿರ್ಹಮ್ ಬರುತ್ತಿದ್ದು, ಅದರಲ್ಲಿ ಬೇಸಿಕ್ 6,000 ಇದೆ ಎಂದುಕೊಳ್ಳಿ. ದಿನಕ್ಕೆ 200 ದಿರ್ಹಮ್ ಆಯಿತು. ಹತ್ತು ವರ್ಷಕ್ಕೆ 105 ಮತ್ತು 150, ಒಟ್ಟು 255 ದಿನ. ಸಿಗುವುದು 51,000 ದಿರ್ಹಮ್. ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಿಕೊಂಡವರು 85,000 ಬರುತ್ತದೆಂದು ಕಾಯುತ್ತಿರುತ್ತಾರೆ. ಆ 34,000ದ ಭರವಸೆಯಲ್ಲೇ ಊರಿನಲ್ಲಿ ಮೇಲಂತಸ್ತಿಗೆ ಪಿಲ್ಲರ್ ಎಬ್ಬಿಸಿರುತ್ತಾರೆ. ಇವತ್ತೇ ನಿಮ್ಮ ಕರಾರು ತೆಗೆದು ಬೇಸಿಕ್ ಎಷ್ಟೆಂದು ನೋಡಿ.

ಹೊರಗಿನವರಿಗೆ ಇಲ್ಲಿ ಸರಕಾರಿ ಪಿಂಚಣಿ ಇಲ್ಲ. ಕೆಲಸ ಹೋದವರಿಗೆಂದು 2023ರಿಂದ ಕಡ್ಡಾಯ ವಿಮೆ ಬಂದಿದೆ. ಅದು ಕೊಡುವುದು ಬೇಸಿಕ್‌ನ ಶೇ. 60ರಷ್ಟು, ಅದೂ ಒಂದು ಬಾರಿಗೆ ಗರಿಷ್ಠ ಮೂರು ತಿಂಗಳು. ಮನೆ ಬಾಡಿಗೆಗೆ ಮುಂದಿನ ದಿನಾಂಕದ ಚೆಕ್ ಕೊಟ್ಟಿರುತ್ತೀರಿ, ಮಕ್ಕಳ ಶಾಲೆಯ ಫೀ ಬಾಕಿ ಇರುತ್ತದೆ. ಆರು ತಿಂಗಳ ಖರ್ಚನ್ನು ಮುಟ್ಟದೆ ಇಡುವ ಶಿಸ್ತು ಬಂದಮೇಲೆಯೇ ಕಾರು, ಚೀಟಿ, ಚಿನ್ನದ ಯೋಚನೆ. ಸಾಲ ತೀರಿಸದೆ ದೇಶ ಬಿಡುವ ಮಾತನ್ನಂತೂ ಆಡಲೇಬೇಡಿ. ಬ್ಯಾಂಕ್ ದಾವೆ ಹೂಡಿದರೆ ಪ್ರಯಾಣ ನಿಷೇಧದವರೆಗೂ ಹೋಗಬಹುದು.

ಊರಿನ ಕಡೆಗೂ ನಿಯಮಗಳಿವೆ. ಕೆಲಸಕ್ಕೆಂದು ವಿದೇಶಕ್ಕೆ ಬಂದಮೇಲೆ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಬೇಕು. ಇಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆದರೆ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಹಣ ಯಾವಾಗ ಬೇಕಾದರೂ ವಾಪಸ್ ತರಬಹುದು. ನಮ್ಮವರ ದೊಡ್ಡ ಕನಸು ಅಡಿಕೆ ತೋಟ. ಅನಿವಾಸಿಯಾಗಿರುವಾಗ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ವಿದೇಶಿ ವಿನಿಮಯ ನಿಯಮಗಳು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಭಾವನ ಹೆಸರಿನಲ್ಲಿ ತೋಟ ಮಾಡಿ ನಂತರ ಬದಲಿಸಿಕೊಳ್ಳೋಣ ಎಂಬ ಆಲೋಚನೆಯನ್ನು ಬಿಟ್ಟುಬಿಡಿ, ಅದು ಬೇನಾಮಿಯ ದಾರಿ. ಊರಿಗೆ ಮರಳಿದ ಮೇಲೆ ಸ್ವಂತ ಹೆಸರಿನಲ್ಲಿ ಕೊಳ್ಳುವ ಯೋಜನೆ ಹಾಕಿ, ಅಲ್ಲಿವರೆಗೆ ಹಣ ಬೆಳೆಸಿ.

ಊರಿನ ನಂಟು

ಭಾರತದ ಗಡಿಯಾರ ಇಲ್ಲಿಗಿಂತ ಒಂದೂವರೆ ಗಂಟೆ ಮುಂದಿದೆ. ಕೆಲಸ ಮುಗಿಸಿ, ಊಟ ಮಾಡಿ, ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದರೆ ಅಲ್ಲಿ ಹನ್ನೊಂದು. ನಿದ್ದೆಗಣ್ಣಿನ ಅಮ್ಮನ ಜೊತೆ ನಡೆಯುವ ಮಾತು ಗೊತ್ತಲ್ಲ.

‘ಅಮ್ಮಾ, ಊಟ ಆಯ್ತಾ?’

‘ಆಯ್ತು ಮಗಾ, ನಿಂದು?’

‘ಆಯ್ತು. ಆರೋಗ್ಯ?’

‘ಚೆನ್ನಾಗಿದ್ದೇನೆ.’

ಚೆನ್ನಾಗಿಲ್ಲದಿದ್ದರೂ ದೂರದಲ್ಲಿರುವ ಮಗನಿಗೆ ತಾಯಿ ಚೆನ್ನಾಗಿದ್ದೇನೆಂದೇ ಹೇಳುತ್ತಾಳೆ. ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ನೋಡಿ. ಅಲ್ಲಿ ಎಂಟು ಗಂಟೆ, ಕಾಫಿ ಮುಗಿದ ಹೊತ್ತು, ಅಮ್ಮನಿಗೆ ಮಾತಾಡುವ ಹುಮ್ಮಸ್ಸಿರುತ್ತದೆ. ಆಗ ಉತ್ತರದಲ್ಲಿ ಸಂಗತಿ ಹೊರಬರುವಂಥ ಪ್ರಶ್ನೆ ಕೇಳಬೇಕು: ‘ಬಿಪಿ ಮಾತ್ರೆ ಇನ್ನೆಷ್ಟು ದಿನಕ್ಕಿದೆ? ಮೊನ್ನೆ ಡಾಕ್ಟರ ಹತ್ತಿರ ಯಾರು ಕರೆದುಕೊಂಡು ಹೋದರು? ಬಚ್ಚಲಿನ ಹತ್ತಿರ ಜಾರುತ್ತಿತ್ತಲ್ಲ, ಸರಿ ಮಾಡಿಸಿದ್ರಾ?’ ಕಾಳಜಿ ಆಗ ಕೆಲಸಕ್ಕೆ ಬರುತ್ತದೆ.

ಅಪ್ಪ ಅಮ್ಮನನ್ನು ನೋಡಿಕೊಳ್ಳುವ ತಮ್ಮನೋ ತಂಗಿಯೋ ಊರಲ್ಲಿದ್ದರೆ, ಅವರಿಗೆ ತಿಂಗಳಿಗಿಷ್ಟು ಕಳಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ರಾತ್ರಿ ಕೂರುವವರು ಅವರು. ರಜೆಗೆ ಹೋದಾಗ ಒಂದು ವಾರವಾದರೂ ಆ ಜವಾಬ್ದಾರಿ ಪೂರ್ತಿ ನೀವು ಹೊತ್ತು ಅವರಿಗೆ ಬಿಡುವು ಕೊಡಿ. ಹೆತ್ತವರ ಕಾಯಿಲೆಗೆಂದು ದೀರ್ಘ ರಜೆ ಹಾಕುವಾಗ ಒಂದು ಮಾತು ನೆನಪಿರಲಿ: ಸಾಮಾನ್ಯ ನಿವಾಸ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ಸಿಂಧುತ್ವ ಕಳೆದುಕೊಳ್ಳುತ್ತದೆ. ಸಂಬಳದ ಸ್ಥಿತಿಯನ್ನೂ ಮನೆಯವರಿಗೆ ಇದ್ದಂತೆ ಹೇಳಿ. ಇಲ್ಲದ ಸಿರಿತನ ತೋರಿಸಿದರೆ ಮುಂದೆ ಅದನ್ನು ಸಾಲ ಮಾಡಿ ನಡೆಸಬೇಕಾಗುತ್ತದೆ.

ಇಲ್ಲಿನ ದಿನಚರಿ

ಮೂವತ್ತೈದು ಲಕ್ಷಕ್ಕೂ ಹೆಚ್ಚು ಭಾರತೀಯರಿರುವ ದೇಶವಿದು. ಹಾಗಾಗಿ ಹೊರದೇಶವೆಂಬುದನ್ನೇ ಮರೆತುಬಿಡುವ ಅಪಾಯವಿದೆ. ವಾಟ್ಸ್‌ಆ್ಯಪ್‌ನಲ್ಲಿ ಸಿಟ್ಟಿಗೆ ಬೈದು ಕಳಿಸಿದ ಸಂದೇಶ, ಅಪರಿಚಿತರ ಅನುಮತಿಯಿಲ್ಲದೆ ತೆಗೆದ ಫೋಟೊ ಇಲ್ಲಿ ಅಪರಾಧವಾಗಬಹುದು. ಊರಿನ ಬಡವರ ಆಪರೇಷನ್ನಿಗೆಂದು ಗ್ರೂಪಿನಲ್ಲಿ ಚಂದಾ ಎತ್ತುವುದು ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಹಣ ಸಂಗ್ರಹಿಸುವುದು ಕಾನೂನುಬಾಹಿರ. ಕೊಡಬೇಕೆನ್ನುವವರು ಪರವಾನಗಿ ಇರುವ ಸಂಸ್ಥೆಯ ಮೂಲಕ ಕೊಡಲಿ, ಇಲ್ಲವೇ ನೇರವಾಗಿ ಆ ಕುಟುಂಬಕ್ಕೆ ತಾವೇ ಕಳಿಸಲಿ. ರಂಜಾನಿನ ಹಗಲು ಉಪವಾಸವಿರುವ ಸಹೋದ್ಯೋಗಿಯ ಎದುರು ಊಟ ಮಾಡದಿರುವುದಕ್ಕೆ ಕಾನೂನು ಬೇಕಿಲ್ಲ, ಸೌಜನ್ಯ ಸಾಕು.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮವಿದೆ. ಸೆಕೆ ಅಷ್ಟಿರುತ್ತದೆ. ಆ ತಿಂಗಳುಗಳಲ್ಲಿ ಎಸಿ ಕೋಣೆ, ಎಸಿ ಕಾರು, ಎಸಿ ಕಚೇರಿಯೊಳಗೇ ದಿನ ಮುಗಿದು ಮೈ ಜಡ್ಡುಗಟ್ಟುತ್ತದೆ. ಸೂರ್ಯ ಏರುವ ಮೊದಲು ಅರ್ಧ ಗಂಟೆ, ಇಲ್ಲವೇ ಸಂಜೆ ಮಾಲ್‌ನೊಳಗೆ ಅರ್ಧ ಗಂಟೆ ನಡೆಯಿರಿ. ವೀಸಾದ ತಪಾಸಣೆಯಲ್ಲಿ ‘ಫಿಟ್’ ಎಂದು ಬಂದರೆ ಸೋಂಕು ರೋಗ ಇಲ್ಲವೆಂದಷ್ಟೇ ಅರ್ಥ. ಸಕ್ಕರೆ, ರಕ್ತದೊತ್ತಡ, ಕೊಬ್ಬಿನಾಂಶವನ್ನು ಪ್ರತ್ಯೇಕವಾಗಿ ನೋಡಿಸಿಕೊಳ್ಳಬೇಕು.

ಪಕ್ಕದ ಮನೆಯ ಮಲಯಾಳಿ, ಕಚೇರಿಯ ಫಿಲಿಪಿನೊ, ಟ್ಯಾಕ್ಸಿಯ ಪಠಾಣ್, ಇವರೊಂದಿಗೆ ಎರಡು ಮಾತಾಡುವಷ್ಟು ಸಲಿಗೆ ಬೆಳೆಸಿ. ಕಷ್ಟಕಾಲಕ್ಕೆ ಬಾಗಿಲು ತಟ್ಟಬೇಕಾದದ್ದು ಅವರದ್ದೇ. ಶನಿವಾರ ಭಾನುವಾರ ರಜೆ ಇರುವವರು ಒಂದು ಹೊತ್ತನ್ನು ಮಕ್ಕಳ ಕನ್ನಡಕ್ಕೆ ಮೀಸಲಿಡಿ. ಒಂದಲ್ಲ ಒಂದು ದಿನ ಅವರು ಅಜ್ಜಿಯ ಜೊತೆ ಒಂದೇ ಸೂರಿನಡಿ ಬದುಕಬೇಕಾದವರು.

ಕೊನೆಯದಾಗಿ ಮನೆಮಂದಿಯೆಲ್ಲ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ಮೂರು ತಿಂಗಳಲ್ಲಿ ಹೊರಡಿ ಎಂದರೆ ನಮ್ಮಲ್ಲಿ ಏನೇನು ಸಿದ್ಧವಿಲ್ಲ? ಹಾಳೆಯ ಮೇಲೆ ಬರೆದ ಆ ಪಟ್ಟಿಯೇ ಮುಂದಿನ ಎರಡು ವರ್ಷದ ಕೆಲಸ. ಹೊರಡುವ ಸಿದ್ಧತೆ ಪೂರ್ತಿಯಾದವನಿಗೆ ಇಲ್ಲಿರಲು ಭಯವಿರುವುದಿಲ್ಲ. ಸಂಬಳ ತಡಮಾಡುವ ಮಾಲೀಕನೊಂದಿಗೆ ಅವನು ನೇರವಾಗಿ ಮಾತಾಡಬಲ್ಲ, ಬೇಡವಾದ ಕೆಲಸ ಬಿಡಬಲ್ಲ, ಬೇಕಾದರೆ ಇನ್ನೂ ಹತ್ತು ವರ್ಷ ಸಂತೋಷದಿಂದ ಉಳಿಯಬಲ್ಲ. ನಿಮ್ಮ ವೀಸಾದ ಮುಕ್ತಾಯ ದಿನಾಂಕ ಈಗಲೇ ನೋಡಿ, ಅದಕ್ಕೂ ಒಂದು ತಿಂಗಳು ಮೊದಲಿನ ಒಂದು ಶನಿವಾರವನ್ನು ಈ ಲೆಕ್ಕಕ್ಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.